ನಡುಕದ ಬೆನ್ನಿಗೆ ಮರೆವು

ಪ್ರಶ್ನೆ: ನಮ್ಮ ಕಾಕಾಗೆ ಪಾರ್ಕಿನ್ಸನ್ ಕಾಯಿಲೆ. ಕೈನಡುಕದ ಜೊತೆ ಈಗೀಗ ಮರೆವೂ ಹೆಚ್ಚಾಗಿದೆ. ಇದು ವಯಸ್ಸಿನದೋ, ಕಾಯಿಲೆಯದೋ? (ಭಾಲ್ಕಿಯ ಓದುಗರು)

ಉತ್ತರ: ಕಾಯಿಲೆಯದೂ ಇರಬಹುದು. 1817ರಲ್ಲಿ ಇದನ್ನು ವಿವರಿಸಿದ ಜೇಮ್ಸ್ ಪಾರ್ಕಿನ್ಸನ್, ಬುದ್ಧಿಗೆ ಏನೂ ಆಗುವುದಿಲ್ಲ ಎಂದೇ ಬರೆದಿದ್ದ. ಆ ಮಾತು ನಿಲ್ಲಲಿಲ್ಲ. ಮಿದುಳಿನ ಬುಡದಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಸತ್ತಾಗ ಕೈಕಾಲು ಬಿಗಿಯುತ್ತವೆ. ಆ ಕೋಶಗಳಲ್ಲಿ ಕಟ್ಟುವ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ಗಂಟುಗಳು ವರ್ಷ ಕಳೆದಂತೆ ಮಿದುಳಿನ ಹೊರಪದರಕ್ಕೂ ಹಬ್ಬಬಹುದು. ಗಮನಕ್ಕೆ, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕೂಡ ಕುಗ್ಗುತ್ತದೆ.

ಈ ಮರೆವಿನ ಬಗೆಯೇ ಬೇರೆ. ‘ಕಾಕಾ, ಹೋದ ವಾರ ಎಲ್ಲಿಗೆ ಹೋಗಿದ್ರಿ?’ ಅಂದರೆ ತಡವರಿಸಿಯಾರು. ‘ಔರಾದಿನ ಅಮರೇಶ್ವರ ಗುಡಿ...’ ಎಂದು ಎಳೆ ಹಿಡಿಸಿದರೆ ಉಳಿದದ್ದನ್ನು ತಾವೇ ಹೇಳಿಯಾರು. ನೆನಪು ಒಳಗಿರುತ್ತದೆ, ಹೊರಗೆ ಬರಲು ಒದ್ದಾಡುತ್ತದೆ. ಅಲ್ಜೈಮರ್‌ನಲ್ಲಿ ಸುಳಿವು ಇಷ್ಟು ನೆರವಾಗುವುದಿಲ್ಲ. ಎರಡೂ ಕಾಯಿಲೆ ಒಟ್ಟಿಗೇ ಇರುವುದೂ ಉಂಟು, ಅದು ಬೇರೆ ಮಾತು.

ಔಷಧದ ಚೀಟಿಯನ್ನೂ ನೋಡಿ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ವಯಸ್ಸಾದವರಲ್ಲಿ ಮರೆವು, ಗೊಂದಲ ಹೆಚ್ಚಿಸಬಲ್ಲದು. ನೀವಾಗಿ ನಿಲ್ಲಿಸಬೇಡಿ. ಚೀಟಿ ಸಮೇತ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಕರೆದೊಯ್ದು ತೋರಿಸಿ. ಮರೆವಿಗೆ ಬೇರೆ ಕಾರಣವಿದೆಯೇ ಎಂದು ತಿಳಿಯಲು ಬಿ12, ಥೈರಾಯ್ಡ್ ಪರೀಕ್ಷೆಯ ಬಗ್ಗೆಯೂ ಅಲ್ಲೇ ಕೇಳಿ.