110 ಮೈಲಿಗೆ 68 ಗಂಟೆ: ನ್ಯಾರೋಬೋಟ್ ಪ್ರವಾಸದ ಲೆಕ್ಕ

ಇಂಗ್ಲೆಂಡಿನ ಫೋರ್ ಕೌಂಟೀಸ್ ರಿಂಗ್ ಎಂಬ ಕಾಲುವೆ ವರ್ತುಲದ ಉದ್ದ 110 ಮೈಲಿ, ಅಂದರೆ 177 ಕಿ.ಮೀ. ನ್ಯಾರೋಬೋಟ್ ಎಂಬ ಕಿರಿದಾದ ದೋಣಿ ಓಡುವ ಈ ಕಾಲುವೆಗಳಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿದ ದೋಣಿಗಳನ್ನು ದಾಟುವಾಗ ಅದಕ್ಕಿಂತಲೂ ನಿಧಾನವಾಗಿ ಹೋಗಬೇಕು.

ಸಮಯ ಹೆಚ್ಚು ಹಿಡಿಯುವುದು ಲಾಕ್‌ಗಳಲ್ಲಿ. ಲಾಕ್ ಎಂದರೆ ಎರಡೂ ಕಡೆ ಗೇಟುಗಳಿರುವ, ನೀರು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನು ಏರಿಸುವ, ಇಳಿಸುವ ತೊಟ್ಟಿ. ದೋಣಿಯವರೇ ದಡಕ್ಕಿಳಿದು, ಕೈಹಿಡಿ ತಿರುಗಿಸಿ ನೀರು ಬಿಡಬೇಕು, ಬೆನ್ನು ಕೊಟ್ಟು ಗೇಟು ತಳ್ಳಬೇಕು. ರೂಢಿಯ ಸೂತ್ರ ಸರಳ: ಮೈಲಿಗೆ ಲಾಕ್‌ಗಳ ಸಂಖ್ಯೆ ಕೂಡಿಸಿ 3ರಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ಈ ರಿಂಗ್‌ನಲ್ಲಿ 94 ಲಾಕ್‌ಗಳಿವೆ; ಒಟ್ಟು 68 ಗಂಟೆ. ವೀಲಾಕ್ ಊರಿನಿಂದ ಮೇಲಕ್ಕೆ ಸುಮಾರು 7 ಮೈಲಿಯಲ್ಲೇ 26 ಲಾಕ್. ಆ 7 ಮೈಲಿಗೆ 11 ಗಂಟೆ.

ವೇಲ್ಸ್‌ನ ಮಾನ್‌ಮತ್‌ಶೈರ್–ಬ್ರೆಕನ್ ಕಾಲುವೆಯಲ್ಲಿ ದೋಣಿ ಓಡುವ ದಾರಿ 35 ಮೈಲಿ, ಲಾಕ್‌ಗಳು 6. ಹೋಗಿ ಬರಲು 70 ಮೈಲಿ, 12 ಲಾಕ್, 27 ಗಂಟೆ. ದೂರ ರಿಂಗ್‌ನ ಶೇ. 64ರಷ್ಟಿದ್ದರೂ ಸಮಯ ಶೇ. 40 ಮಾತ್ರ.

ದೋಣಿಯ ವಾರದ ಬಾಡಿಗೆ ಸಾಮಾನ್ಯವಾಗಿ ಮಧ್ಯಾಹ್ನ ಶುರುವಾಗಿ ಎಂಟನೇ ದಿನದ ಬೆಳಿಗ್ಗೆ ಮುಗಿಯುತ್ತದೆ. ಕೈಗೆ ಸಿಗುವುದು ಆರೂವರೆ ದಿನ. ದಿನಕ್ಕೆ 14 ಗಂಟೆ ಎಚ್ಚರವಾಗಿರುತ್ತೇವೆಂದು ಹಿಡಿದರೆ 91 ಗಂಟೆ. ರಿಂಗ್ ಅದರಲ್ಲಿ ಶೇ. 75ನ್ನು ನುಂಗುತ್ತದೆ, ಬ್ರೆಕನ್ ಶೇ. 30ನ್ನು. ಊರು ನೋಡಬೇಕು, ಬೆಟ್ಟ ಹತ್ತಬೇಕು ಎನ್ನುವವರಿಗೆ ಒಂದೇ ವಾರದಲ್ಲಿ ರಿಂಗ್ ಸುತ್ತುವುದು ತಪ್ಪು ಆಯ್ಕೆ.

ಉದಾಹರಣೆಗೆ ವಾರಕ್ಕೆ 1,500 ಪೌಂಡ್ ಬಾಡಿಗೆ ಎಂದುಕೊಳ್ಳಿ. ಪೌಂಡಿಗೆ 115 ರೂ.ನಂತೆ 1,72,500 ರೂ. ಇಬ್ಬರಿದ್ದರೆ ತಲಾ 86,250 ರೂ., ನಾಲ್ವರಿದ್ದರೆ 43,125 ರೂ. ಲಾಕ್ ಕೆಲಸಕ್ಕೆ ಇನ್ನೂ ನಾಲ್ಕು ಕೈ ಸಿಗುವುದು ಬೇರೆ ಲಾಭ. ಡೀಸೆಲ್ ಗಂಟೆಗೆ 1.5 ಲೀಟರ್ ಎಂದರೆ ರಿಂಗ್‌ಗೆ 102 ಲೀಟರ್, ಬ್ರೆಕನ್‌ಗೆ 41. ಬಾಡಿಗೆಯಲ್ಲಿ ಇಂಧನ ಸೇರಿದೆಯೇ ಎಂದು ಮೊದಲೇ ಕೇಳಬೇಕು.

ಒಂದು ಕಿರಿದಾದ ಲಾಕ್ ತುಂಬಲು ಸುಮಾರು 1.1 ಲಕ್ಷ ಲೀಟರ್ ನೀರು ಬೇಕು. ಮಳೆ ಕೊರತೆಯ ಬೇಸಿಗೆಯಲ್ಲಿ ಲಾಕ್‌ಗಳು ಮುಚ್ಚುವುದು ಇದೇ ಕಾರಣಕ್ಕೆ. ದುರಸ್ತಿ ಹೆಚ್ಚಾಗಿ ನಡೆಯುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗ ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಮುಚ್ಚುಗಡೆಯ ಸೂಚನೆಗಳನ್ನು ಪ್ರಕಟಿಸುತ್ತದೆ. ಮುಂಗಡ ಕಟ್ಟುವ ಮುನ್ನ ಅವನ್ನು ಓದಿ.