ಎತ್ತರದ ಹಾದಿಯಲ್ಲಿ ದಂಪತಿಗಳ ಸವಾರಿ: ತಲೆನೋವನ್ನು ಮುಚ್ಚಿಡದಿರಿ

ಮಕ್ಕಳು ದೊಡ್ಡವರಾಗಿ ಸಂಸಾರದ ಹೊಣೆ ತುಸು ಹಗುರವಾದ ಮೇಲೆ ಪತಿ-ಪತ್ನಿ ಇಬ್ಬರೇ ದೂರದ ಪ್ರವಾಸ ಕೈಗೊಳ್ಳುವುದು ಈಗ ಅಪರೂಪವಲ್ಲ. ಅಂಥ ಪ್ರವಾಸಗಳಲ್ಲಿ ಲಡಾಖಿನ ಮೋಟಾರ್‌ಸೈಕಲ್ ಯಾನದ ಆಕರ್ಷಣೆಯೇ ಬೇರೆ. ಮುಂದೆ ಮಾರ್ಗದರ್ಶಕನ ಬೈಕು, ನಡುವೆ ಹತ್ತಾರು ಸವಾರರು, ಹಿಂದೆ ಸಾಮಾನು ಹೊತ್ತ ವಾಹನ, ಅದರಲ್ಲೊಬ್ಬ ಮೆಕ್ಯಾನಿಕ್ ಮತ್ತು ಆಮ್ಲಜನಕದ ಸಿಲಿಂಡರ್. ಇಷ್ಟೆಲ್ಲ ಏರ್ಪಾಡಿರುವಾಗ ಭಯವೇಕೆ ಎನ್ನಿಸುವುದು ಸಹಜ. ಆದರೆ ಆ ಎತ್ತರದಲ್ಲಿ ಪ್ರವಾಸಿಯ ದೇಹದೊಳಗೆ ಆಗುವ ಏರುಪೇರು ಮಾರ್ಗದರ್ಶಕನ ಕಣ್ಣಿಗೆ ಬೀಳುವುದು ತಡವಾಗಿ. ಅದನ್ನು ಮೊದಲು ಗುರುತಿಸಬಲ್ಲವರು ಒಂದೇ ಬೈಕಿನಲ್ಲಿ ಕುಳಿತ ಆ ಇಬ್ಬರೇ.

ಗಾಳಿ ತೆಳುವಾಗುವ ಪರಿ

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಯಾನ ಆರಂಭವಾಗುವ ಮನಾಲಿ ಪಟ್ಟಣವೇ ಅದಕ್ಕಿಂತ ಎತ್ತರದಲ್ಲಿದೆ. ಲೇಹ್ ನಗರ ಸುಮಾರು 3,500 ಮೀಟರ್ ಎತ್ತರದಲ್ಲಿದ್ದರೆ, ಇವೆರಡರ ನಡುವಿನ ಹೆದ್ದಾರಿ ತಂಗ್‌ಲಂಗ್ ಲಾ ಕಣಿವೆಮಾರ್ಗದಲ್ಲಿ 5,300 ಮೀಟರ್ ದಾಟುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇ. 21ರಷ್ಟೇ. ಆದರೆ ಮೇಲೇರಿದಂತೆ ವಾಯುವಿನ ಒತ್ತಡ ಇಳಿಯುವುದರಿಂದ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡರಷ್ಟು. 5,500 ಮೀಟರ್ ಎತ್ತರದಲ್ಲಿ ಅರ್ಧದಷ್ಟು. ಇದೇ ಕಾರಣಕ್ಕೆ ಬೈಕಿನ ಎಂಜಿನ್ ಕೂಡ ಅಲ್ಲಿ ಶಕ್ತಿಗುಂದುತ್ತದೆ. ಎಂಜಿನ್ ಏದುಸಿರು ಬಿಟ್ಟರೆ ಸವಾರನ ಕಿವಿಗೆ ಕೇಳಿಸುತ್ತದೆ. ಬೆನ್ನ ಹಿಂದೆ ಕುಳಿತವರ ತಲೆನೋವು ಹೇಳಿದರಷ್ಟೇ ತಿಳಿಯುತ್ತದೆ.

ಮೂರು ಬಗೆಯ ತೊಂದರೆ

ಮೊದಲನೆಯದು ಸಾಮಾನ್ಯ ಪರ್ವತವ್ಯಾಧಿ. ಎತ್ತರಕ್ಕೆ ತಲುಪಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ತಲೆಸುತ್ತು, ಬಳಲಿಕೆ ಕಾಣಿಸಿಕೊಳ್ಳುತ್ತವೆ. ಇನ್ನೂ ಮೇಲೇರದೆ ಅಲ್ಲಿಯೇ ವಿಶ್ರಮಿಸಿದರೆ ಬಹುಮಂದಿಗೆ ಒಂದೆರಡು ದಿನಗಳಲ್ಲಿ ಇದು ಶಮನವಾಗುತ್ತದೆ.

ಎರಡನೆಯದು ಶ್ವಾಸಕೋಶದಲ್ಲಿ ನೀರು ತುಂಬುವುದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ ಇದರ ಲಕ್ಷಣಗಳು. ರಾತ್ರಿ ಉಲ್ಬಣಿಸುವುದೇ ಹೆಚ್ಚು. ಮೂರನೆಯದು ಮೆದುಳಿನ ಬಾವು. ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ, ಬುದ್ಧಿ ಮಂಕಾಗುತ್ತದೆ. ಕೊನೆಯ ಎರಡೂ ಪ್ರಾಣಾಂತಿಕ. ಆಮ್ಲಜನಕ, ಔಷಧಗಳು ನೆರವಾಗುತ್ತವೆ. ಆದರೆ ತಡಮಾಡದೆ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆ. ಸಿಲಿಂಡರಿನ ನಳಿಕೆ ಹಿಡಿದು ಚೇತರಿಸಿಕೊಂಡು ಮತ್ತೆ ಮೇಲೇರುವುದು ಅಪಾಯವನ್ನು ಬರಮಾಡಿಕೊಂಡಂತೆ.

ಗಟ್ಟಿಮುಟ್ಟಾದ ದೇಹಕ್ಕೆ ಇದು ತಟ್ಟದೆಂಬ ನಂಬಿಕೆ ಸರಿಯಲ್ಲ. 1962ರ ಚೀನಾ ಯುದ್ಧದ ಸಂದರ್ಭದಲ್ಲಿ ಬಯಲು ಸೀಮೆಯ ಸೈನಿಕರನ್ನು ತ್ವರಿತವಾಗಿ ಹಿಮಾಲಯದ ಎತ್ತರಗಳಿಗೆ ಕಳುಹಿಸಬೇಕಾಗಿ ಬಂದಾಗ ಅನೇಕರು ಈ ವ್ಯಾಧಿಗೆ ತುತ್ತಾದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಅಭ್ಯಸಿಸಿ 1969ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖನೀಯ. ಕಸರತ್ತು ಮಾಡಿದ ಯೋಧರನ್ನೂ ಬಿಡದ ವ್ಯಾಧಿ ಪ್ರವಾಸಿಗರನ್ನು ಬಿಟ್ಟೀತೆಂದು ಎಣಿಸಲಾಗದು.

ಹಾದಿಯ ಆಯ್ಕೆ

ಸುಮಾರು 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಸ್ಥಳದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು, ಮೂರು-ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿರಾಮವಿರಬೇಕು ಎಂಬುದು ತಜ್ಞರ ಸೂತ್ರ. 2020ರಲ್ಲಿ ಅಟಲ್ ಸುರಂಗ ತೆರೆದ ಬಳಿಕ ಮನಾಲಿಯಿಂದ ಲಾಹೌಲ್ ಕಣಿವೆಯ ಜಿಸ್ಪಾ ತಲುಪುವುದು ಸುಲಭವಾಗಿದೆ. ಆದರೆ ಜಿಸ್ಪಾದಿಂದ ಮರುದಿನವೇ ಸರ್ಚು ಶಿಬಿರಕ್ಕೆ ಹೋದರೆ ಒಂದೇ ದಿನದಲ್ಲಿ ಸಾವಿರ ಮೀಟರ್ ಏರಿದಂತಾಗುತ್ತದೆ. ಸುಮಾರು 4,300 ಮೀಟರ್ ಎತ್ತರದ ಸರ್ಚುವಿನಲ್ಲಿ ನಡುರಾತ್ರಿ ಆರೋಗ್ಯ ಕೆಟ್ಟರೆ, ಕೆಳಗಿಳಿಯಲು ಎತ್ತ ಹೊರಟರೂ ಮೊದಲು ಇನ್ನಷ್ಟು ಎತ್ತರದ ಕಣಿವೆಮಾರ್ಗವನ್ನು ಹತ್ತಲೇಬೇಕು. ಆದ್ದರಿಂದ ಶ್ರೀನಗರದಿಂದ ಕಾರ್ಗಿಲ್ ಮೂಲಕ ಹಂತಹಂತವಾಗಿ ಲೇಹ್ ಸೇರಿ, ಹಿಂದಿರುಗುವಾಗ ಮನಾಲಿಯ ಹಾದಿ ಹಿಡಿಯುವುದು ದೇಹಕ್ಕೆ ಹಿತ. ವಿಮಾನದಲ್ಲಿ ನೇರವಾಗಿ ಲೇಹ್‌ಗೆ ಹೋದವರು ಕನಿಷ್ಠ 48 ಗಂಟೆ ವಿಶ್ರಮಿಸದೆ ಬೈಕು ಹತ್ತಬಾರದು. ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆ ಇದು: ಎಷ್ಟನೆಯ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ?

ಪರಸ್ಪರ ಕಾವಲು

ಜೋಡಿಯಾಗಿ ಹೋಗುವವರಿಗೆ ಒಂದು ಅಡಚಣೆಯುಂಟು. ಅದು ಪ್ರೀತಿಯಿಂದಲೇ ಹುಟ್ಟುವಂಥದು. ಪತಿಯ ಬಹುದಿನಗಳ ಆಸೆಗೆ ಭಂಗ ಬಾರದಿರಲೆಂದು ಪತ್ನಿ ತನ್ನ ತಲೆನೋವನ್ನು ನುಂಗಿಕೊಳ್ಳುತ್ತಾಳೆ. ಗುಂಪಿನೆದುರು ಕುಗ್ಗಬಾರದೆಂದು ಪತಿ ತನ್ನ ಏದುಸಿರನ್ನು ಮರೆಮಾಚುತ್ತಾನೆ. ಹೀಗೆ ಮುಚ್ಚಿಟ್ಟ ಒಂದು ರಾತ್ರಿಯೇ ಕೆಲವೊಮ್ಮೆ ಕೈಮೀರಿದ ರಾತ್ರಿಯಾಗುತ್ತದೆ. ಮೆದುಳು ಬಾತಾಗ ವಿವೇಚನೆಯೇ ಮಸುಕಾಗುವುದರಿಂದ, ತನಗೇನೂ ಆಗಿಲ್ಲವೆಂದು ರೋಗಿಯೇ ವಾದಿಸಬಹುದು. ಆಗ ನಿರ್ಧಾರ ಸಂಗಾತಿಯದು.

ಆದಕಾರಣ ಹೊರಡುವ ಮುನ್ನವೇ ಇಬ್ಬರೂ ಒಂದು ಒಪ್ಪಂದಕ್ಕೆ ಬರುವುದು ಒಳಿತು: ಒಬ್ಬರು ಇಳಿಯೋಣವೆಂದರೆ ಇನ್ನೊಬ್ಬರು ಮರುಮಾತಾಡದೆ ಇಳಿಯಬೇಕು. ಬೆಳಿಗ್ಗೆ, ರಾತ್ರಿ ಒಬ್ಬರನ್ನೊಬ್ಬರು ಕೇಳಬೇಕು: ತಲೆ ನೋಯುತ್ತಿದೆಯೇ? ಊಟ ರುಚಿಸಿತೇ? ನಿದ್ರೆ ಬಂತೇ? ಸಂಶಯ ಬಂದರೆ ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಬೇಕು. ತೂರಾಡಿದರೆ ಮಾರ್ಗದರ್ಶಕನಿಗೆ ತಿಳಿಸಿ ಕೂಡಲೇ ಇಳಿಯಬೇಕು. ಆ ಸ್ಥಿತಿಯಲ್ಲಿರುವವರನ್ನು ಬೈಕಿನಲ್ಲಿ ಕೂರಿಸದೆ ಬೆಂಗಾವಲು ವಾಹನದಲ್ಲಿ ಕರೆದೊಯ್ಯುವುದು ಕ್ಷೇಮ. ಹಿಂಬದಿ ಕುಳಿತವರು ಚಲನೆಯಿಲ್ಲದೆ ಬೇಗ ಶೀತಕ್ಕೊಳಗಾಗುತ್ತಾರೆ. ಗಂಟೆಗೊಮ್ಮೆ ನಿಂತು ಕೈಕಾಲು ಆಡಿಸುವುದು ಅವಶ್ಯ.

ಆಹಾರ, ಔಷಧ, ಎಚ್ಚರ

ಅನ್ನ, ರೊಟ್ಟಿ, ಬೇಳೆಯ ಸಾರು, ತರಕಾರಿ ತುಕ್ಪಾ ಮುಂತಾದ ಬಿಸಿಯಾದ ಸಾತ್ವಿಕ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಸೇವಿಸಬೇಕು. ಒಣಹವೆಯಲ್ಲಿ ಉಸಿರಿನ ಮೂಲಕವೇ ನೀರಿನಂಶ ನಷ್ಟವಾಗುವುದರಿಂದ ಆಗಾಗ ನೀರು ಕುಡಿಯಬೇಕು. ಮದ್ಯ ಮತ್ತು ನಿದ್ರೆಯ ಗುಳಿಗೆಗಳು ಉಸಿರಾಟವನ್ನು ಕುಗ್ಗಿಸುವುದರಿಂದ ವರ್ಜ್ಯ. ಪರ್ವತವ್ಯಾಧಿಯನ್ನು ತಡೆಯಲು ಅಸಿಟಜೋಲಮೈಡ್ ಎಂಬ ಗುಳಿಗೆಯುಂಟು. ಸಲ್ಫಾ ಔಷಧಗಳ ಅಲರ್ಜಿಯುಳ್ಳವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ವೈದ್ಯರ ಅನುಮತಿಯಿಲ್ಲದೆ ಹೊರಡಲೇಬಾರದು. ಮಧುಮೇಹಿಗಳು ಇನ್ಸುಲಿನ್ ಹೆಪ್ಪುಗಟ್ಟದಂತೆ ಒಳ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಪರ್ವತಗಳು ಎಲ್ಲಿಗೂ ಹೋಗುವುದಿಲ್ಲ. ಈ ವರ್ಷ ಅರ್ಧದಾರಿಯಿಂದ ಹಿಂದಿರುಗಿದ ದಂಪತಿ ಸಿದ್ಧತೆ ಮಾಡಿಕೊಂಡು ಮುಂದಿನ ವರ್ಷ ಮತ್ತೆ ಹೋಗಬಹುದು. ಕಟ್ಟಿದ ಹಣ, ಗುಂಪಿನ ಮುಲಾಜು, ಕಣಿವೆಮಾರ್ಗದ ಫಲಕದ ಮುಂದೆ ತೆಗೆಸಿಕೊಳ್ಳಬೇಕಾದ ಛಾಯಾಚಿತ್ರ, ಇವು ಯಾವುವೂ ಜೊತೆಗಿರುವ ಜೀವಕ್ಕಿಂತ ದೊಡ್ಡವಲ್ಲ.