ಖಾಲಿ ಹುದ್ದೆಯಲ್ಲೇ ಪಾಠ, ಅದೇ ಹುದ್ದೆಗಾಗಿ ನಿರೀಕ್ಷೆ

ಬ್ರೂಕ್‌ಫೀಲ್ಡ್: ಕುಂದಲಹಳ್ಳಿಯಿಂದ ಐಟಿಪಿಎಲ್ ಕಡೆಗೆ ಸಾಗುವ ಈ ಭಾಗದಲ್ಲಿ ಶೈಕ್ಷಣಿಕ ವರ್ಷ ಆರಂಭವಾಗುತ್ತಿದ್ದಂತೆ ಬದಲಿ ಶಿಕ್ಷಕರ ಹುಡುಕಾಟವೂ ಆರಂಭವಾಗುತ್ತದೆ. ಸಾಫ್ಟ್‌ವೇರ್ ಉದ್ಯೋಗಿಗಳ ಮಕ್ಕಳು ಓದುವ ಖಾಸಗಿ ಶಾಲೆಗಳು ರಜೆ ಮೇಲೆ ತೆರಳಿದ ಶಿಕ್ಷಕಿಯ ಜಾಗಕ್ಕೆ ಕೆಲವು ತಿಂಗಳ ಮಟ್ಟಿಗೆ ಒಬ್ಬರನ್ನು ಅರಸುತ್ತವೆ. ಕಟ್ಟಡ ಕಾರ್ಮಿಕರ, ಮನೆಗೆಲಸದವರ ಮಕ್ಕಳು ಓದುವ ಕುಂದಲಹಳ್ಳಿ, ಹೂಡಿ, ವರ್ತೂರಿನಂತಹ ಊರುಗಳ ಸರ್ಕಾರಿ ಶಾಲೆಗಳದು ಬೇರೆಯೇ ವ್ಯವಸ್ಥೆ. ಅಲ್ಲಿ ಖಾಲಿ ಹುದ್ದೆಯ ಎದುರು ಕರೆಸಿಕೊಳ್ಳುವವರನ್ನು ‘ಅತಿಥಿ ಶಿಕ್ಷಕರು’ ಎನ್ನಲಾಗುತ್ತದೆ.

ಹೆಸರಿಗೇನೂ ಕೊರತೆಯಿಲ್ಲ. ಅವರು ಅತಿಥಿ, ಅವರಿಗೆ ಸಿಗುವುದು ವೇತನವಲ್ಲ, ‘ಗೌರವಧನ’. 2022ರಲ್ಲಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ರೂಪಾಯಿ, ಪ್ರೌಢಶಾಲೆಯವರಿಗೆ 10,500 ರೂಪಾಯಿ ನಿಗದಿಯಾಗಿತ್ತು. 2025–26ರ ಬಜೆಟ್‌ನಲ್ಲಿ ಅದಕ್ಕೆ 2,000 ರೂಪಾಯಿ ಸೇರಿಸಲಾಯಿತು. ಬೇಸಿಗೆ ರಜೆಯ ಅವಧಿಗೆ ಈ ಮೊತ್ತವಿಲ್ಲ. ಅನುದಾನ ಬಿಡುಗಡೆ ತಡವಾದರೆ ತಿಂಗಳುಗಟ್ಟಲೆ ಕಾಯುವುದೂ ಹೊಸದಲ್ಲ. ಬ್ರೂಕ್‌ಫೀಲ್ಡ್‌ನ ಮನೆ ಬಾಡಿಗೆ ಬಲ್ಲವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೇಮಕದ ವಿಧಾನ ಸರಳ. ಮಂಜೂರಾದ ಹುದ್ದೆ ಖಾಲಿಯಿದ್ದಲ್ಲಿ ಇಲಾಖೆ ಸಂಖ್ಯೆಯನ್ನು ಹಂಚುತ್ತದೆ. ಮುಖ್ಯ ಶಿಕ್ಷಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದಿಗೆ ಅಭ್ಯರ್ಥಿಯನ್ನು ಆಯ್ಕೆ ಮಾಡುತ್ತಾರೆ. ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗಿಯಿತು. ನಡುವೆ ವರ್ಗಾವಣೆಯಲ್ಲೋ ಹೊಸ ನೇಮಕಾತಿಯಲ್ಲೋ ಕಾಯಂ ಶಿಕ್ಷಕರು ಬಂದರೆ ಅತಿಥಿ ಅಂದೇ ಜಾಗ ತೆರವು ಮಾಡಬೇಕು. ವಿಪರ್ಯಾಸ ಇರುವುದು ಇಲ್ಲಿಯೇ. ಅತಿಥಿ ಶಿಕ್ಷಕ ಯಾವ ಕಾಯಂ ನೇಮಕಾತಿಗಾಗಿ ಕಾಯುತ್ತಿರುತ್ತಾನೋ, ಅದರಲ್ಲಿ ತಾನು ಆಯ್ಕೆಯಾಗದಿದ್ದರೆ ಅದೇ ನೇಮಕಾತಿ ಅವನ ಈಗಿನ ಕೆಲಸವನ್ನೂ ಕಸಿದುಕೊಳ್ಳುತ್ತದೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಮಿನ ಪ್ರಕಾರ ಯಾವುದೇ ಶಾಲೆಯಲ್ಲಿ ಮಂಜೂರಾದ ಶಿಕ್ಷಕ ಹುದ್ದೆಗಳ ಶೇ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು. ಆದರೆ 2025–26ನೇ ಸಾಲಿಗೆ ರಾಜ್ಯ ಸರ್ಕಾರ ನೇಮಿಸಿಕೊಳ್ಳಲು ಮುಂದಾದ ಅತಿಥಿ ಶಿಕ್ಷಕರ ಸಂಖ್ಯೆಯೇ ಸುಮಾರು 51 ಸಾವಿರ. ತಾತ್ಕಾಲಿಕ ಏರ್ಪಾಡು ಎಂಬುದು ವರ್ಷವರ್ಷವೂ ಮರುಕಳಿಸುವ ವ್ಯವಸ್ಥೆಯಾಗಿ ನೆಲೆಯೂರಿದೆ.

ಕಾಯಂ ನೇಮಕಾತಿ ಹೇಗೆ ಸಾಗುತ್ತದೆ ಎಂಬುದಕ್ಕೆ 2022ರ ಪ್ರಕರಣ ಸಾಕು. ಆರರಿಂದ ಎಂಟನೇ ತರಗತಿಗೆ 15 ಸಾವಿರ ಪದವೀಧರ ಶಿಕ್ಷಕರ ನೇಮಕಕ್ಕಾಗಿ ಆ ವರ್ಷದ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ತಾತ್ಕಾಲಿಕ ಆಯ್ಕೆ ಪಟ್ಟಿಯೂ ಹೊರಬಿತ್ತು. ಆಗ ಎದ್ದ ಪ್ರಶ್ನೆ: ವಿವಾಹಿತ ಅಭ್ಯರ್ಥಿಯ ಜಾತಿ–ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ, ಪತಿಯ ಹೆಸರಿನಲ್ಲಿರಬೇಕೋ? ಹೈಕೋರ್ಟ್‌ನ ಏಕಸದಸ್ಯ ಪೀಠ 2023ರ ಜನವರಿಯಲ್ಲಿ ಪಟ್ಟಿಯನ್ನು ರದ್ದುಗೊಳಿಸಿತು. ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ನೇಮಕಕ್ಕೆ ಹಾದಿ ತೆರೆಯಿತು. ಪರೀಕ್ಷೆ ಬರೆದ ದಿನದಿಂದ ಅಷ್ಟರಲ್ಲಿ ಸುಮಾರು ಹದಿನೇಳು ತಿಂಗಳು ಕಳೆದಿದ್ದವು. ಮುಂದೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ 2024ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಒಳಮೀಸಲಾತಿಯ ಹಂಚಿಕೆಗೆ ಸಂಪುಟದ ಒಪ್ಪಿಗೆ ದೊರೆತದ್ದು 2025ರ ಆಗಸ್ಟ್‌ನಲ್ಲಿ. ಈ ಕಾರಣಗಳ ಸರಿ–ತಪ್ಪು ಬೇರೆ ಮಾತು. ಅಭ್ಯರ್ಥಿಯ ವಯಸ್ಸು ಮಾತ್ರ ಯಾವ ತೀರ್ಮಾನಕ್ಕೂ ಕಾಯುವುದಿಲ್ಲ.

ಹತ್ತಾರು ವರ್ಷ ಪಾಠ ಮಾಡಿದವರನ್ನೇ ಏಕೆ ಕಾಯಂ ಮಾಡಬಾರದು ಎಂಬ ಪ್ರಶ್ನೆ ಸಹಜ. ಉತ್ತರ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿದೆ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ತೀರ್ಪು ನೀಡಿ, ನಿಯಮಬದ್ಧ ಸ್ಪರ್ಧೆಯಿಲ್ಲದೆ ಬಂದ ತಾತ್ಕಾಲಿಕ ನೌಕರರಿಗೆ ದೀರ್ಘ ಸೇವೆಯೊಂದರಿಂದಲೇ ಕಾಯಂ ಆಗುವ ಹಕ್ಕು ಹುಟ್ಟದು ಎಂದಿತು. ಇದೇ ತೀರ್ಪನ್ನು ನೆಪ ಮಾಡಿಕೊಂಡು ದೀರ್ಘಕಾಲ ದುಡಿದವರಿಗೆ ಅನ್ಯಾಯ ಎಸಗಬಾರದೆಂದು 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ ಎಚ್ಚರಿಸಿದೆಯಾದರೂ, ವರ್ಷಕ್ಕೊಮ್ಮೆ ಬಿಡುಗಡೆ ಹೊಂದಿ ಮತ್ತೆ ಸೇರುವ ಅತಿಥಿ ಶಿಕ್ಷಕರ ಪಾಲಿಗೆ ನಿರಂತರ ಸೇವೆಯನ್ನು ಸಾಬೀತುಪಡಿಸುವುದೇ ಕಷ್ಟ. ಸೇವಾವಧಿಗೆ ಕೃಪಾಂಕ ನೀಡಬೇಕೆಂಬ ಬೇಡಿಕೆ ಹುಟ್ಟಿರುವುದು ಈ ಹಿನ್ನೆಲೆಯಲ್ಲಿ.

ಅರ್ಹತೆಯ ವಿಷಯದಲ್ಲೂ ಎಚ್ಚರ ಅಗತ್ಯ. ಒಂದರಿಂದ ಐದನೇ ತರಗತಿಗೆ ಬಿ.ಇಡಿ ಸಾಲದು, ಡಿ.ಇಎಲ್.ಇಡಿ (ಹಿಂದಿನ ಡಿ.ಇಡಿ) ಬೇಕು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಎತ್ತಿಹಿಡಿದಿದೆ. ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಮಾಣಪತ್ರ ಈಗ ಜೀವನಪರ್ಯಂತ ಊರ್ಜಿತ ಎಂಬುದೊಂದು ಸಮಾಧಾನ.

ಖಾಸಗಿ ಶಾಲೆಗಳ ಬದಲಿ ಕೆಲಸದ ಲೆಕ್ಕವೇ ಬೇರೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿದ ಮೇಲೆ, ಒಬ್ಬ ಶಿಕ್ಷಕಿ ರಜೆ ಹೋದರೆ ಸುಮಾರು ಅರ್ಧ ವರ್ಷದ ಕೆಲಸ ತೆರೆದುಕೊಳ್ಳುತ್ತದೆ. ಅವರು ಮರಳಿದ ದಿನ ಬದಲಿ ಶಿಕ್ಷಕಿ ಹೊರಡಬೇಕು. ಹಾಗೆಂದು ಬದಲಿಯವರಿಗೆ ಹಕ್ಕೇ ಇಲ್ಲವೆಂದಲ್ಲ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ಆ ಸಂಸ್ಥೆಯಲ್ಲಿ ದುಡಿದ ಮಹಿಳೆ ಹೆರಿಗೆ ಸೌಲಭ್ಯಕ್ಕೆ ಅರ್ಹಳು. ತಾತ್ಕಾಲಿಕ ಎಂಬ ಹಣೆಪಟ್ಟಿ ಅದಕ್ಕೆ ಅಡ್ಡಬಾರದು. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಶಾಲೆಗೆ ಭವಿಷ್ಯ ನಿಧಿ ಕಾನೂನು ಅನ್ವಯಿಸುತ್ತದೆ. ಸೇರುವ ಮುನ್ನ ಅವಧಿ, ಸಂಬಳ ಮತ್ತು ರಜಾ ತಿಂಗಳ ಪಾವತಿಯನ್ನು ನೇಮಕ ಪತ್ರದಲ್ಲೇ ಬರೆಸಿಕೊಳ್ಳುವುದು ಒಳಿತು. ಕೆಲಸ ಬಿಡುವಾಗ ಯಾವ ತರಗತಿಗೆ, ಯಾವ ವಿಷಯವನ್ನು, ಎಷ್ಟು ದಿನ ಬೋಧಿಸಿದ್ದು ಎಂಬ ವಿವರವಿರುವ ಅನುಭವ ಪತ್ರವನ್ನು ಕೇಳಿ ಪಡೆಯಬೇಕು. ಮುಂದಿನ ಶಾಲೆಯವರು ಮೊದಲು ನೋಡುವುದು ಅದನ್ನೇ.